ಗಜಾಧರ–ಬಿಸ್ಮತಿಯರ ಪ್ರೇಮವನ್ನು ಸಾಕಿದ ಸುಮಿಂತ್ರಾ ದೀದಿ

ಫಿಜಿ ದ್ವೀಪಗಳ ಹಿಂದಿ ಬಾನುಲಿಗೆ ಒಂದು ಗಂಭೀರ ಪರಂಪರೆಯಿದೆ. ಬೆಳಗಿನ ರಾಮಾಯಣದಿಂದ ಹಿಡಿದು ಮಧ್ಯಾಹ್ನದ ಮರಣವಾರ್ತೆಯವರೆಗೆ, ಕಬ್ಬಿನ ದರದಿಂದ ಹಿಡಿದು ಚಂಡಮಾರುತದ ಮುನ್ಸೂಚನೆಯವರೆಗೆ, ನಮ್ಮ ಜನ ತಮ್ಮ ಬದುಕಿನ ದೊಡ್ಡ ಸಂಗತಿಗಳನ್ನೆಲ್ಲ ಅದರ ಬಾಯಿಂದಲೇ ಕೇಳಿದವರು. ಅಂಥ ಬಾನುಲಿಯಲ್ಲಿ ಜನರನ್ನು ನಗಿಸಿದವರು ಹಲವರಿದ್ದಾರೆ. ಆದರೆ ಆ ನಗೆಯ ನಡುವೆ ಇಬ್ಬರು ನಡುವಯಸ್ಸಿನವರ ಪ್ರೇಮವನ್ನಿಟ್ಟು, ಅದು ಬಾಡದಂತೆ, ಹೊತ್ತಿಗೆ ಮುಂಚೆ ಹಣ್ಣಾಗಿ ಉದುರದಂತೆ, ಕಾಲು ಶತಮಾನ ಕಾಪಾಡಿದವರು ಶ್ರೀಮತಿ ಸುಮಿಂತ್ರಾ ರೆಡ್ಡಿಯವರು ಒಬ್ಬರೇ. ‘ಸಾಢೇ ಪಾಂಚ್ ಕೀ ಬಸ್’ ಎಂಬ ಹೆಸರು ಹೇಳಿದರೆ ಲಬಾಸಾದ ಕಬ್ಬಿನ ಗದ್ದೆಯವರಿಗೂ ಸುವಾದ ಗುಮಾಸ್ತರಿಗೂ ಆಕ್ಲೆಂಡಿನ ಕಾರ್ಖಾನೆಗಳಲ್ಲಿ ದುಡಿಯುವ ನಮ್ಮವರಿಗೂ ಇಂದಿಗೂ ಮುಖ ಅರಳುತ್ತದೆ. ಆ ಐದೂವರೆ ಬಸ್ಸನ್ನು ಬರೆದು, ಹೊರಡಿಸಿ, ಅಷ್ಟು ವರ್ಷ ನಡೆಸಿದ ನಮ್ಮ ದೀದಿ ಈ ವರ್ಷ ಸೇವೆಯಿಂದ ನಿವೃತ್ತರಾಗುತ್ತಿರುವ ಸಂದರ್ಭದಲ್ಲಿ, ಅವರ ಕೈಕೆಳಗೆ ಬರೆಯಲು ಕಲಿತ ನಮಗೆ ಈ ಅಭಿನಂದನ ಸಂಪುಟದಲ್ಲಿ ಕೆಲವು ಮಾತು ಸಲ್ಲಿಸುವ ಅವಕಾಶ ದೊರೆತದ್ದು ಭಾಗ್ಯವೆಂದೇ ಭಾವಿಸುತ್ತೇವೆ.

ದೀದಿ ಹುಟ್ಟಿದ್ದು ಬಾ ಪಟ್ಟಣದಲ್ಲಿ. ಅವರಿನ್ನೂ ಅಂಬೆಗಾಲಿಡುತ್ತಿದ್ದಾಗ ಕಬ್ಬಿನ ಲಾರಿ ಮಗುಚಿ ತಂದೆ ತೀರಿಕೊಂಡರು. ತಾಯಿ ಅಚ್ಚಮ್ಮನವರಿಗೆ ಆಗ ಇಪ್ಪತ್ತೈದೂ ತುಂಬಿರಲಿಲ್ಲ. ಬಾ ಮಾರುಕಟ್ಟೆಯ ಕಟ್ಟೆಯ ಮೇಲೆ ಬದನೆ, ಬೆಂಡೆ, ಬೀನ್ಸ್ ಹರಡಿಕೊಂಡು ಕೂತು ಅವರು ಮಗಳನ್ನು ಓದಿಸಿದರು. ಮಗಳು ಕೆಲಕಾಲ ಶಾಲೆಯಲ್ಲಿ ಪಾಠ ಹೇಳಿ, ಆಮೇಲೆ ಸುವಾಕ್ಕೆ ಬಂದು ಬಾನುಲಿ ಸೇರಿದರು. ಮೊದಲೆರಡು ವರ್ಷ ಅವರ ಪಾಲಿಗೆ ಬಂದದ್ದು ಮರಣವಾರ್ತೆ ಓದುವ ಕೆಲಸ. ಆ ಕೆಲಸವನ್ನು ಅವರು ಎಂದೂ ಹಗುರವಾಗಿ ಕಂಡವರಲ್ಲ. ಸತ್ತವರು ಬಿಟ್ಟುಹೋದ ಬಂಧುಗಳ ಹೆಸರುಗಳನ್ನು ಓದುತ್ತ ಓದುತ್ತ, ಒಂದು ಹೆಸರಿಗೂ ಇನ್ನೊಂದು ಹೆಸರಿಗೂ ನಡುವೆ ಎಷ್ಟು ಹೊತ್ತು ಸುಮ್ಮನಿರಬೇಕೆಂಬುದನ್ನು ತಾವು ಅಲ್ಲಿಯೇ ಕಲಿತದ್ದೆಂದು ಅವರು ನಮಗೆ ಅನೇಕ ಸಲ ಹೇಳಿದ್ದುಂಟು.

ಎಪ್ಪತ್ತನಾಲ್ಕರಲ್ಲಿ ಕಾರ್ಯಕ್ರಮ ವಿಭಾಗದ ಮುಖ್ಯಸ್ಥರಾಗಿದ್ದ ಹರ್ನಾಮ್ ಮಾಸ್ಟರ್, ಗುರುವಾರ ಸಂಜೆಗೆ ಅರ್ಧ ಗಂಟೆಯ ಹಾಸ್ಯ ಬೇಕೆಂದರು. ದೀದಿ ಬರೆದುಕೊಟ್ಟದ್ದು ಒಂದು ಬಸ್ಸಿನ ಕಥೆ. ಸಂಜೆ ಐದೂವರೆಗೆ ಪಟ್ಟಣದಿಂದ ಕಬ್ಬಿನ ಹಳ್ಳಿಗಳ ಕಡೆಗೆ ಹೊರಡುವ ಕೊನೆಯ ಬಸ್ಸು. ಅದನ್ನು ಓಡಿಸುವವನು ಗಜಾಧರನೆಂಬ ಮುಂಗೋಪಿ ಬ್ರಹ್ಮಚಾರಿ. ದಿನವೂ ಅದನ್ನು ಕೊನೆಯ ಗಳಿಗೆಯಲ್ಲಿ ಹತ್ತುವವಳು, ನಿಲ್ದಾಣದಲ್ಲಿ ಹುರಿಗಡಲೆ, ಭೂಜಾ ಎಂಬ ಖಾರದ ಕುರುಕಲು ಮಾರುವ ಬಿಸ್ಮತಿಯೆಂಬ ವಿಧವೆ. ಗಜಾಧರನ ಪಾತ್ರಕ್ಕೆ ದನಿ ಕೊಟ್ಟವರು ಟೂರಕ್ ಓಣಿಯಲ್ಲಿ ಹೊಲಿಗೆ ಅಂಗಡಿಯಿಟ್ಟಿದ್ದ ದ್ವಾರಕಾ ಪ್ರಸಾದರು. ಬಿಸ್ಮತಿಯಾದವರು ಹೆರಿಗೆ ಆಸ್ಪತ್ರೆಯ ನರ್ಸ್ ಕುಸುಮ್ ಲತಾ. ಬಸ್ಸಿನ ಸದ್ದನ್ನೆಲ್ಲ, ಕಿಟಕಿಯ ಟಾರ್ಪಾಲಿನ್ ಇಳಿಬೀಳುವ ಸದ್ದಿನಿಂದ ಹಿಡಿದು ಗೇರು ಬೀಳದೆ ನರಳುವ ಸದ್ದಿನವರೆಗೆ, ಸ್ಟುಡಿಯೋದ ಮೂಲೆಯಲ್ಲಿ ನಿಂತು ಹುಟ್ಟಿಸುತ್ತಿದ್ದವರು ನಮ್ಮ ಅಪೇನಿಸಾ.

ಮೊದಲ ವರ್ಷಗಳಲ್ಲಿ ಅದು ಬರೀ ಜಗಳ. “ನಿನ್ನ ಬುಟ್ಟಿಗೆ ಬೇರೆ ಟಿಕೆಟ್ ತಗೋ” ಎಂದು ಇವನು, “ನಿನ್ನ ಮೀಸೆಗೂ ತಗೋಳ್ಲಾ?” ಎಂದು ಅವಳು. ಜನ ನಕ್ಕರು. ಅಷ್ಟರಲ್ಲಿಯೇ ತೃಪ್ತಿಪಟ್ಟಿದ್ದರೆ ಆ ಬಸ್ಸು ಎರಡು ವರ್ಷ ಓಡಿ ನಿಂತುಹೋಗುತ್ತಿತ್ತು. ಆದರೆ ಮೂರನೆಯ ವರ್ಷದ ಒಂದು ಕಂತಿನಲ್ಲಿ, ಬಿಸ್ಮತಿ ಬಾರದ ಒಂದು ಸಂಜೆ, ಗಜಾಧರ ಎಂಜಿನ್ ಚಾಲೂ ಮಾಡಿ, ಮತ್ತೆ ನಿಲ್ಲಿಸಿ, ಪ್ರಯಾಣಿಕರು ಗೊಣಗಿದಾಗ “ಎಂಜಿನ್ ಬಿಸಿಯಾಗಿದೆ, ಆರಲಿ” ಎಂದ. ಅಷ್ಟೇ. ಆ ವಾರ ಬಂದ ಕಾಗದಗಳಲ್ಲಿ ಅರ್ಧದಷ್ಟು ಹೆಂಗಸರವು. ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: ಎಂಜಿನ್ ನಿಜವಾಗಿಯೂ ಬಿಸಿಯಾಗಿತ್ತೇ?

ವಿಧವೆಯ ಮನಸ್ಸಿನ ವಿಷಯ ಆಗ ನಮ್ಮಲ್ಲಿ ಮಾತಿಗೆ ಸಿಕ್ಕುವ ವಿಷಯವಾಗಿರಲಿಲ್ಲ. ಇಬ್ಬರು ಪಂಡಿತರು ಕಚೇರಿಗೆ ಬಂದು ಹರ್ನಾಮ್ ಮಾಸ್ಟರ ಎದುರು ಕೂತು ಆಕ್ಷೇಪಿಸಿ ಹೋದರು. ದೀದಿ ಆ ವಾರಾಂತ್ಯ ಬಾ ಊರಿಗೆ ಹೋದಾಗ, ಅದುವರೆಗೆ ಮಗಳ ನಾಟಕದ ಬಗ್ಗೆ ಚಕಾರವೆತ್ತದಿದ್ದ ಅಚ್ಚಮ್ಮನವರು ರೊಟ್ಟಿ ಲಟ್ಟಿಸುತ್ತ, ತಲೆಯೆತ್ತದೆಯೇ ಹೇಳಿದರು: “ಆ ಡ್ರೈವರು ಒಳ್ಳೆಯವನು ಕಣೇ. ಆದ್ರೆ ಅವಳನ್ನ ಅವಸರಪಡಿಸ್ಬೇಡ. ಅವಳಿಗೆ ಯೋಚ್ನೆ ಮಾಡೋಕೆ ಹೊತ್ತು ಬೇಕು.”

ಸುವಾಕ್ಕೆ ಮರಳುವ ದಾರಿಯುದ್ದಕ್ಕೂ ದೀದಿಯನ್ನು ಒಂದು ಸಂಗತಿ ಬಿಡಲಿಲ್ಲ: ಬಾ ಮಾರುಕಟ್ಟೆಯಲ್ಲಿ ಪಕ್ಕದ ಕಟ್ಟೆಯ ಮೇಲೆ ಶುಂಠಿ ಮಾರುತ್ತಿದ್ದ ಒಬ್ಬ ಮನುಷ್ಯ, ತಾವು ಚಿಕ್ಕವರಿದ್ದಾಗ, ಅಮ್ಮನ ತರಕಾರಿಯ ಚೀಲಗಳನ್ನು ದಿನವೂ ಬಸ್ಸಿಗೇರಿಸಿಕೊಡುತ್ತಿದ್ದ, ಒಂದು ವರ್ಷದ ನಂತರ ಕಾಣಿಸಲಿಲ್ಲ. ಅವನ ಬಗ್ಗೆ ಅಮ್ಮ ಎಂದೂ ಮಾತನಾಡಿರಲಿಲ್ಲ, ಇವರೂ ಕೇಳಲಿಲ್ಲ. ದೀದಿಯ ಬರವಣಿಗೆಯಲ್ಲಿ ಆ ಪ್ರೇಮ ಹೆಜ್ಜೆಯಿಟ್ಟ ರೀತಿ ಅಂದಿನಿಂದ ಬೇರೆಯಾಯಿತು. ಒಂದು ವರ್ಷಕ್ಕೆ ಒಂದು ಹೆಜ್ಜೆ ಮುಂದೆ ಹೋದರೆ ಸಾಕು, ಆ ಹೆಜ್ಜೆಯೂ ಆ ಇಬ್ಬರಿಗೆ ಗೊತ್ತಾಗುವ ಮುಂಚೆ ಕೇಳುಗರಿಗೆ ಗೊತ್ತಾಗಬೇಕು ಎಂಬ ನಿಯಮವನ್ನು ಅವರು ತಮಗೆ ತಾವೇ ಹಾಕಿಕೊಂಡರು. ಪಂಡಿತರ ಆಕ್ಷೇಪಕ್ಕೆ ಅವರು ಕೊಟ್ಟ ಉತ್ತರವೂ ಅದೇ ನಿಧಾನ. ಥಟ್ಟನೆ ಮದುವೆ ಮಾಡಿಸಿದ್ದರೆ ಊರು ಬೈದು ಮರೆಯುತ್ತಿತ್ತು. ವರ್ಷಗಟ್ಟಲೆ ಕಾಯಿಸಿದ್ದರಿಂದ, ಕೊನೆಕೊನೆಗೆ, ಅದೇ ಪಂಡಿತರಲ್ಲೊಬ್ಬರು ದೀದಿಯನ್ನು ಸತ್ಯನಾರಾಯಣ ಪೂಜೆಯೊಂದರಲ್ಲಿ ಕಂಡು, “ಆ ಹೆಣ್ಣುಮಗಳನ್ನ ಇನ್ನೂ ಎಷ್ಟು ವರ್ಷ ಬಸ್‌ಸ್ಟ್ಯಾಂಡಲ್ಲೇ ಕೂರಿಸ್ತೀಯಮ್ಮಾ?” ಎಂದು ಕೇಳುವಂತಾಯಿತು.

ಈ ನಡುವೆ ಇನ್ನೊಂದು ಕಡೆಯಿಂದ ಅಡ್ಡಿ ಬಂತು. ಕುಸುಮ್ ಅವರ ಪತಿ ಜೈನಾರಾಯಣ ಟ್ಯಾಕ್ಸಿ ಓಡಿಸುತ್ತಿದ್ದವರು. ಸ್ಟ್ಯಾಂಡಿನಲ್ಲಿ ಯಂಗೋನಾ ಬೇರಿನ ಮತ್ತಿನ ಪಾನೀಯ ಕುಡಿಯುತ್ತ ಕೂತ ಗೆಳೆಯರು ಅವರನ್ನು ಬಿಡುತ್ತಿರಲಿಲ್ಲ. “ಮನೇಲಿ ಟ್ಯಾಕ್ಸಿ ಇಟ್ಕೊಂಡು ನಿನ್ನ ಹೆಂಡ್ತಿ ದಿನಾ ಬಸ್ ಹತ್ತಾಳಲ್ಲೋ” ಎಂದು ಒಬ್ಬ, “ಬಸ್ಸಲ್ಲಿ ಜಾಗ ಜಾಸ್ತಿ ಇರುತ್ತೆ ಬಿಡು” ಎಂದು ಇನ್ನೊಬ್ಬ. ಒಂದು ಗುರುವಾರ ಅವರು ಹೆಂಡತಿಯ ಹಿಂದೆಯೇ ಸ್ಟುಡಿಯೋಕ್ಕೆ ಬಂದು ಬಾಗಿಲಲ್ಲಿ ನಿಂತರು.

“ದೀದಿ, ಇವಳು ನಟಿಸೋದು ಬೇಡ ಅಂತ ನಾನು ಹೇಳ್ತಿಲ್ಲ. ಜಗಳ ಆಡ್ಲಿ, ಬೈಲಿ, ಎಷ್ಟಾದ್ರೂ ಬೈಲಿ. ಆದ್ರೆ ಪ್ರೀತಿ ಗೀತಿ ಅನ್ನೋ ಮಾತು ಇವಳ ಬಾಯಲ್ಲಿ ಬರಬಾರದು. ನಂಗೂ ಹೇಳಿಲ್ಲ ಇವಳು ಇವತ್ತಿನವರೆಗೆ.”

ಕುಸುಮ್ ಅವಮಾನದಿಂದ ಗೋಡೆ ನೋಡುತ್ತ ನಿಂತರು. ಬೇರೆ ಯಾರಾದರೂ ಆಗಿದ್ದರೆ ಕಲೆ, ಸ್ವಾತಂತ್ರ್ಯ ಎಂದು ವಾದಕ್ಕಿಳಿಯುತ್ತಿದ್ದರು. ದೀದಿ ಕುರ್ಚಿಯೊಂದನ್ನು ಎಳೆದು ಜೈನಾರಾಯಣರನ್ನು ಕೂರಿಸಿ, “ಆಯ್ತು ಭಯ್ಯಾ, ಆ ಮಾತು ಬರಲ್ಲ” ಎಂದು ಒಪ್ಪಿಕೊಂಡರು.

ಆ ಮಾತನ್ನು ಅವರು ಕೊನೆಯವರೆಗೂ ಉಳಿಸಿಕೊಂಡರು. ಪ್ರೇಮವೆಂಬ ಪದವಿಲ್ಲದೆ ಪ್ರೇಮವನ್ನು ಮುಂದೆ ನಡೆಸುವ ದಾರಿ ಹುಡುಕುತ್ತ ಅವರು ಒಂದು ಊಟದ ಡಬ್ಬಿಯನ್ನು ಕಂಡುಕೊಂಡರು. ಗಜಾಧರ ತನ್ನ ಹಿಂದಿನ ಸೀಟಿನ ಮೇಲೆ ಡಬ್ಬಿಯಿಟ್ಟು, ಯಾರು ಕೇಳಿದರೂ “ಡಬ್ಬಿ ಇದೆ, ಕಾಣಲ್ವಾ” ಎನ್ನುವನು. ಬಿಸ್ಮತಿ ಹತ್ತಿದಾಗ ಒಂದು ಮಾತೂ ಆಡದೆ ಎತ್ತಿಕೊಳ್ಳುವನು. ಅಪೇನಿಸಾ ಆ ಡಬ್ಬಿಯ ಸದ್ದಿಗಾಗಿ ತಮ್ಮ ಮನೆಯ ಡಬ್ಬಿಯನ್ನೇ ತಂದಿದ್ದರು. ಎರಡು ವರ್ಷ ಕಾಲ ನಮ್ಮ ದೇಶದ ಹಿಂದಿ ಮನೆಗಳಲ್ಲಿ ಗುರುವಾರ ಸಂಜೆ ಆ ತಗಡಿನ ಕಿರುಸದ್ದು ಕೇಳಿದೊಡನೆ ಅಡುಗೆಮನೆಯ ಕೈಗಳು ನಿಲ್ಲುತ್ತಿದ್ದವು. ಜೈನಾರಾಯಣರಿಗೆ ಮಾತ್ರ ಅದು ಹೊಳೆದದ್ದು ಬಹಳ ತಡವಾಗಿ, ಟ್ಯಾಕ್ಸಿಯಲ್ಲಿ ಕೂತ ಮುದುಕಿಯೊಬ್ಬರು ಬಿಡಿಸಿ ಹೇಳಿದಾಗ. ಮರುದಿನ ಅವರು ಬಂದು, “ಡಬ್ಬಿ ಮೇಲೆ ನಾನು ಹೇಗೆ ದೂರು ಕೊಡ್ಲಿ ದೀದಿ?” ಎಂದರಂತೆ. ಅದರಲ್ಲಿ ಕೋಪವಿರಲಿಲ್ಲ. ಅದಾದ ಮೇಲೆ ಹೆಂಡತಿಯನ್ನು ಸ್ಟುಡಿಯೋಕ್ಕೆ ಬಿಡುವುದನ್ನೂ ಕರೆದೊಯ್ಯುವುದನ್ನೂ ಅವರು ಎಂದೂ ತಪ್ಪಿಸಲಿಲ್ಲ.

ಡಬ್ಬಿಯ ನಂತರ ಮತ್ಸರ ಬಂತು, ಒಬ್ಬ ಟಿಕೆಟ್ ಇನ್ಸ್‌ಪೆಕ್ಟರನ ರೂಪದಲ್ಲಿ. ಮತ್ಸರದ ಬೆನ್ನಿಗೆ ಮುನಿಸು ಬಂತು: ತುಂಬಿದ ಬಸ್ಸಿನಲ್ಲಿ ಗಜಾಧರ ಬಿಸ್ಮತಿಯ ಬಿಳಿ ಸೀರೆಯ ಮೇಲೆ ಒಂದು ತಮಾಷೆ ಮಾಡಿದ, ಎಲ್ಲರೂ ನಕ್ಕರು, ಅವಳು ನಗಲಿಲ್ಲ. ಆ ಕಂತಿನ ನಂತರ ಅವಳು ಆರು ತಿಂಗಳು ಬಸ್ಸು ಹತ್ತಲಿಲ್ಲ. ಬೇರೆ ಬಸ್ಸಿಗೆ ಹೋದಳು. ಹಾಸ್ಯ ಕಾರ್ಯಕ್ರಮದಲ್ಲಿ ಹಾಸ್ಯವನ್ನೇ ಅಪರಾಧವಾಗಿ ನಿಲ್ಲಿಸುವ ಆ ಧೈರ್ಯ ನಮಗೆ ಇಂದಿಗೂ ಬಂದಿಲ್ಲ. ಕೇಳುಗರು ಸಿಟ್ಟಾದರು, ಹರ್ನಾಮ್ ಮಾಸ್ಟರು ಗಾಬರಿಯಾದರು. ದೀದಿ ಕದಲಲಿಲ್ಲ. ಗಜಾಧರ ಕ್ಷಮೆ ಕೇಳುವುದನ್ನು ಕಲಿಯಲು ಆರು ತಿಂಗಳು ಬೇಕೆಂದು ಅವರಿಗೆ ಅನ್ನಿಸಿತ್ತು.

ಎಂಬತ್ತೇಳು ಬಂತು. ಆ ವರ್ಷದ ಮೇ ತಿಂಗಳಲ್ಲಿ ಸೈನ್ಯ ಸರಕಾರವನ್ನು ಉರುಳಿಸಿದ ನಂತರ ನಮ್ಮ ಓಣಿಗಳಲ್ಲಿ ಏನಾಯಿತೆಂಬುದನ್ನು ಇಲ್ಲಿ ವಿವರಿಸುವ ಅಗತ್ಯವಿಲ್ಲ. ಕೆಲವು ವಾರ ಬಸ್ಸು ಹೊರಡಲಿಲ್ಲ. ಮತ್ತೆ ಹೊರಟಾಗ ಕೇಳುಗರೇ ಹೊರಟು ನಿಂತಿದ್ದರು, ಆಕ್ಲೆಂಡಿಗೆ, ಸಿಡ್ನಿಗೆ, ವ್ಯಾಂಕೂವರಿಗೆ. ಸುವಾ ಮಾರುಕಟ್ಟೆಯಲ್ಲಿ ದೀದಿ ದಾಲೋ ಗೆಡ್ಡೆ ಆರಿಸುತ್ತಿದ್ದಾಗ ಒಬ್ಬ ವೃದ್ಧರು ಹತ್ತಿರ ಬಂದು ಕೈಮುಗಿದರು. “ಬೇಟಿ, ನಮ್ಮ ವಿಮಾನ ಬರೋ ತಿಂಗಳು. ಅಷ್ಟರೊಳಗೆ ಅವರಿಬ್ಬರ ಮದುವೆ ಮಾಡಿಸ್ಬಿಡು. ಕೇಳ್ಕೊಂಡು ಹೋಗ್ತೀವಿ.”

ದೀದಿ ಆ ವಾರ ಮದುವೆಯ ಕಂತನ್ನು ಬರೆದರು, ಓದಿದರು, ಪಕ್ಕಕ್ಕಿಟ್ಟರು. ಊರು ಬಿಡುವವರು ಮಂಚ, ಬೀರು, ಹೊಲಿಗೆಯಂತ್ರಗಳನ್ನು ಸಿಕ್ಕಿದವರಿಗೆ ಒಪ್ಪಿಸಿ ಹೋಗುತ್ತಿದ್ದ ದಿನಗಳವು. ಆ ಮದುವೆಯೂ ಹಾಗೆ ಒಪ್ಪಿಸಿಬಿಟ್ಟ ಸಾಮಾನಿನಂತೆ ಕೇಳಿಸುತ್ತಿತ್ತು ಎಂದು ಅವರು ನಮಗೆ ಹೇಳಿದ್ದಾರೆ. ಆ ವೃದ್ಧರ ವಿಳಾಸವನ್ನು ಅವರ ನೆರೆಯವರಿಂದ ಪಡೆದು, ಮುಂದೆ ವರ್ಷಗಟ್ಟಲೆ ಪ್ರತಿ ತಿಂಗಳ ಕಂತುಗಳನ್ನು ಕ್ಯಾಸೆಟ್ಟಿನಲ್ಲಿ ತುಂಬಿ ಕೆನಡಾಕ್ಕೆ ತಾವೇ ಅಂಚೆಗೆ ಹಾಕುತ್ತಿದ್ದರು. ಹೀಗೆ ಕ್ಯಾಸೆಟ್ಟು ತರಿಸಿಕೊಂಡವರು ಆ ವೃದ್ಧರೊಬ್ಬರೇ ಅಲ್ಲವೆಂಬುದು ನಮಗೆ ತಿಳಿದದ್ದು ಇತ್ತೀಚೆಗೆ, ಈ ಸಂಪುಟಕ್ಕಾಗಿ ಹೊರದೇಶಗಳಿಂದ ನೆನಪುಗಳು ಬರತೊಡಗಿದಾಗ.

ತೊಂಬತ್ತೆರಡರಲ್ಲಿ ದ್ವಾರಕಾ ಪ್ರಸಾದರು ತಮ್ಮ ಅಂಗಡಿಯಲ್ಲಿ, ಶಾಲಾ ಸಮವಸ್ತ್ರವೊಂದಕ್ಕೆ ಕಾಲರು ಕೂರಿಸುತ್ತಿದ್ದಾಗ, ಯಂತ್ರದ ಮೇಲೆಯೇ ಕುಸಿದರು. ಲಕ್ವ ಹೊಡೆದಿತ್ತು. ಬಲಗೈ ನಿಂತಿತು. ಮಾತು ಪೂರ್ತಿ ಹೋಯಿತು. ಎರಡು ತಿಂಗಳ ನಂತರ ಅದರಲ್ಲಿ ಒಂದೇ ಒಂದು ಪದ ಮರಳಿ ಬಂತು: “ಅಚ್ಛಾ.” ನೀರು ಬೇಕಾದರೂ ಅಚ್ಛಾ, ನೋವಾದರೂ ಅಚ್ಛಾ, ಯಾರಾದರೂ ಬಂದರೂ ಹೋದರೂ ಅಚ್ಛಾ.

ಹರ್ನಾಮ್ ಮಾಸ್ಟರು ಕೆಟ್ಟವರಲ್ಲ, ಅವರಿಗೆ ಗುರುವಾರ ಸಂಜೆಯ ಚಿಂತೆ. ಗಜಾಧರನ ದನಿಯನ್ನು ಹಾಗೆಯೇ ಅನುಕರಿಸಬಲ್ಲ ಹುಡುಗನೊಬ್ಬ ನೌಸೋರಿಯಲ್ಲಿದ್ದಾನೆಂದು ಅವರು ಹೇಳಿದರು. ದೀದಿ ಒಪ್ಪಲಿಲ್ಲ.

“ಹಾಗಾದ್ರೆ ಗಜಾಧರನ್ನ ಸಾಯಿಸ್ಬಿಡಿ. ಒಳ್ಳೆ ಕಂತಾಗುತ್ತೆ, ದೇಶವೇ ಅಳುತ್ತೆ.”

“ಮಾಸ್ಟರ್‌ಜೀ, ಆಸ್ಪತ್ರೆ ಮಂಚದ ಮೇಲೆ ಮಲಗಿರೋ ಮನುಷ್ಯ ತನ್ನ ಮರಣವಾರ್ತೇನ ರೇಡಿಯೋದಲ್ಲಿ ಕೇಳ್ಬೇಕಾ? ಎರಡು ವರ್ಷ ಅದನ್ನೇ ಓದಿದವಳು ನಾನು. ಇದೊಂದನ್ನ ನಾನು ಓದಲ್ಲ.”

ದ್ವಾರಕಾ ಪ್ರಸಾದರು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ದೀದಿ ದಿನವೂ ಕೆಲಸ ಮುಗಿಸಿ ಟೂರಕ್ ಓಣಿಗೆ ಹೋಗಿ ಅವರ ಪಕ್ಕ ಕೂರತೊಡಗಿದರು. ಅಲ್ಲಿ ಅವರಿಗೆ ಒಂದು ಸಂಗತಿ ಕಂಡಿತು. ದ್ವಾರಕಾ ಪ್ರಸಾದರ ಪತ್ನಿ ರಾಮಪ್ಯಾರಿಯವರು, ಗಂಡನ ಹೊಲಿಗೆಯಂತ್ರದ ಮುಂದೆ ತಾವು ಕೂತು ರವಿಕೆ ಹೊಲಿಯುತ್ತ, ಒಳಗಿನಿಂದ ಒಂದು ‘ಅಚ್ಛಾ’ ಕೇಳಿದರೆ ಚಹಾ ತೆಗೆದುಕೊಂಡು ಹೋಗುವರು, ಇನ್ನೊಂದು ಕೇಳಿದರೆ ದಿಂಬು ಸರಿಪಡಿಸಲು ಏಳುವರು, ಮತ್ತೊಂದಕ್ಕೆ ಎದ್ದೇಳದೆ “ಗೊತ್ತಾಯ್ತು, ಸುಮ್ನಿರಿ” ಎನ್ನುವರು. ಒಂದೇ ಪದದಲ್ಲಿ ಅಷ್ಟು ಮಾತಿತ್ತು. ನಟನಾದವನಿಗೆ ಅಷ್ಟು ಸಾಕೆಂದು ದೀದಿಗೆ ಅನ್ನಿಸಿತು. ಗಜಾಧರನಿಗೂ ಲಕ್ವ ಹೊಡೆದಿದೆ, ಬಸ್ಸು ಬೇರೆಯವರ ಕೈಗೆ ಹೋಗಿದೆ, ಬಿಸ್ಮತಿ ಅವನ ಮನೆಗೆ ಬಂದು ತಾನೇ ಮದುವೆಯ ಮಾತೆತ್ತುತ್ತಾಳೆ, ಪುರೋಹಿತರು ಕೇಳಿದಾಗ ಅವನು ‘ಅಚ್ಛಾ’ ಎನ್ನುತ್ತಾನೆ. ಹೀಗೆ ಬರೆದುಕೊಂಡು, ಹದಿನೆಂಟು ವರ್ಷ ತಡೆಹಿಡಿದ ಮದುವೆಯನ್ನು ಕೈಯಲ್ಲಿ ಹಿಡಿದುಕೊಂಡು, ಅವರು ಸಂತೋಷದಿಂದಲೇ ಆ ಮನೆಗೆ ಹೋದರು.

ರಾಮಪ್ಯಾರಿಯವರು ಪೂರ್ತಿ ಕೇಳಿಸಿಕೊಂಡರು. ಯಂತ್ರದ ಸೂಜಿಯನ್ನು ಮೇಲೆತ್ತಿ, ಬಟ್ಟೆ ಬಿಡಿಸಿ, ಮಡಚಿಟ್ಟರು.

“ಸುಮಿಂತ್ರಾ, ಇಷ್ಟು ವರ್ಷ ನಾನೇನಾದ್ರೂ ಅಂದಿದೀನಾ?”

“ಇಲ್ಲ ಭಾಭಿ.”

“ಗುರುವಾರ ಬಂದ್ರೆ ಓಣಿಯವರೆಲ್ಲ ನಮ್ಮನೆಗೆ ಬಂದು ರೇಡಿಯೋ ಮುಂದೆ ಕೂರೋರು. ಅವರೂ ನಗೋರು, ನಾನೂ ನಗ್ತಿದ್ದೆ. ಅವಳ ಜೊತೆ ಅದೆಷ್ಟು ಮಾತು, ಅದೆಂಥ ಮಾತು. ಮನೆಗೆ ಬಂದ್ರೆ ನನ್ನ ಹತ್ರ ಗುಂಡಿ, ದಾರ, ಅಳತೆ. ಆಗ್ಲಿ, ಗಂಡಸರು ಹಾಗೇ ಅಂದ್ಕೊಂಡೆ. ಈಗ ಒಂದೇ ಒಂದು ಮಾತು ಉಳಿದಿದೆ ಅವರ ಹತ್ರ. ಅದನ್ನೂ ಅವಳಿಗೇ ಕೊಡ್ಸೋಕೆ ಬಂದ್ಯಾ? ಅದು ನಂದು. ಅದನ್ನ ನಾನು ಕೊಡಲ್ಲ.”

ಹದಿನೆಂಟು ವರ್ಷ ಒಬ್ಬ ಹೆಣ್ಣಿನ ಮನಸ್ಸನ್ನು ಎಳೆಯೆಳೆಯಾಗಿ ಬರೆದ ದೀದಿಗೆ, ಆ ರೇಡಿಯೋದ ಈಚೆ ಕಡೆ ಕೂತಿದ್ದ ಇನ್ನೊಬ್ಬ ಹೆಣ್ಣು ಅಂದೇ ಮೊದಲ ಸಲ ಕಂಡದ್ದು. ಅವರು ಎದ್ದು, ರಾಮಪ್ಯಾರಿಯವರ ಕಾಲು ಮುಟ್ಟಿ, ಹೊರಟುಬಂದರು. ಮರುದಿನ ಹರ್ನಾಮ್ ಮಾಸ್ಟರಿಗೆ ಮದುವೆಯಿಲ್ಲವೆಂದು ಹೇಳಿದರು. ಕಾರಣ ಹೇಳಲಿಲ್ಲ. ಗಜಾಧರ ಕಾಯಿಲೆಯಿಂದ ಅಣ್ಣನ ಊರಿಗೆ ಹೋಗಿದ್ದಾನೆಂದು ಬರೆದು, ಬಿಸ್ಮತಿ ಒಬ್ಬಳೇ ಬಸ್ಸು ಹತ್ತಿ ಇಳಿಯುವ ಕಂತುಗಳನ್ನು ಕೆಲವು ವಾರ ನಡೆಸಿದರು. ಅವು ಚೆನ್ನಾಗಿರಲಿಲ್ಲ. ಅದು ಅವರಿಗೂ ಗೊತ್ತಿತ್ತು. ಟೂರಕ್ ಓಣಿಗೆ ಹೋಗುವುದನ್ನು ಮಾತ್ರ ಅವರು ನಿಲ್ಲಿಸಲಿಲ್ಲ. ಮದುವೆಯ ಮಾತನ್ನು ಮತ್ತೆ ಎತ್ತಲೂ ಇಲ್ಲ. ಹೋಗಿ, ಕೂತು, ಗುಂಡಿ ಹಚ್ಚಿಕೊಟ್ಟು ಬರುತ್ತಿದ್ದರು.

ಒಂದು ಸೋಮವಾರ ಬೆಳಿಗ್ಗೆ ರಾಮಪ್ಯಾರಿಯವರು, ಅದುವರೆಗೆ ಒಮ್ಮೆಯೂ ಕಾಲಿಡದ ಬಾನುಲಿ ಕಟ್ಟಡಕ್ಕೆ, ಒಗೆದ ಸೀರೆಯುಟ್ಟುಕೊಂಡು ಬಂದರು. ಕಾವಲಿನವನು ಯಾರು ಬೇಕೆಂದು ಕೇಳಿದಾಗ “ಐದೂವರೆ ಬಸ್ಸಿನವಳು” ಎಂದರಂತೆ. ದೀದಿಯ ಮೇಜಿನೆದುರು ಕೂತು, ಕೊಟ್ಟ ನೀರು ಕುಡಿದು, ಅವರು ಹೇಳಿದರು:

“ಮೊನ್ನೆ ಗುರುವಾರ ನಿನ್ನ ನಾಟಕ ಬಂತು. ಅವಳು ಒಬ್ಬಳೇ ಬಸ್ಸಲ್ಲಿ ಕೂತು ಮಾತಾಡ್ತಿದ್ಲು. ನಾನು ರೇಡಿಯೋ ಆರಿಸ್ದೆ. ಅವರು ಅಚ್ಛಾ ಅಂದ್ರು.”

“ಯಾವ ಅಚ್ಛಾ ಭಾಭಿ?”

“ಅದೇ ಗೊತ್ತಾಗ್ಲಿಲ್ಲ. ಅಂಥದ್ದು ನಾನು ಯಾವತ್ತೂ ಕೇಳಿರ್ಲಿಲ್ಲ. ನಾಲ್ಕು ದಿನ ಯೋಚ್ನೆ ಮಾಡ್ದೆ. ಕೆಲ್ಸ ಇಲ್ದೇ ಇರೋ ಗಂಡಸಿನ ದನಿ ಅದು, ಸುಮಿಂತ್ರಾ. ಕೈ ಹೋಯ್ತು, ಹೊಲಿಗೆ ಹೋಯ್ತು. ಇದೊಂದಾದ್ರೂ ಇರ್ಲಿ. ಮದುವೆ ಮಾಡಿಸು.” ಲೋಟ ಕೆಳಗಿಟ್ಟು ಮತ್ತೆ ಹೇಳಿದರು: “ಆದ್ರೆ ನಾನು ಅಲ್ಲೇ ಕೂತಿರ್ತೀನಿ. ಅವರು ಯಾರ ಮುಖ ನೋಡಿ ಅಂತಾರೆ ಅಂತ ನಾನು ನೋಡ್ಬೇಕು.”

ಧ್ವನಿಮುದ್ರಣದ ದಿನ ಜೈನಾರಾಯಣರು ತಮ್ಮ ಟ್ಯಾಕ್ಸಿಯಲ್ಲಿ ದ್ವಾರಕಾ ಪ್ರಸಾದರನ್ನು ಕರೆತಂದು, ತಾವೇ ಎತ್ತಿ ಕುರ್ಚಿಯಲ್ಲಿ ಕೂರಿಸಿದರು. ಮೈಕಿನ ಒಂದು ಬದಿಗೆ ದ್ವಾರಕಾ ಪ್ರಸಾದರು, ಎದುರಿಗೆ ಕುಸುಮ್, ಕುಸುಮ್ ಅವರ ಹಿಂದೆ ಗೋಡೆಗೆ ಆನಿಸಿದ ಸ್ಟೂಲಿನ ಮೇಲೆ ರಾಮಪ್ಯಾರಿ. ಬಿಸ್ಮತಿಯ ಮಾತುಗಳು ಮುಗಿದವು. ದೀದಿ ಜೈನಾರಾಯಣರಿಗೆ ಕೊಟ್ಟ ಮಾತಿನಂತೆ ಅವುಗಳಲ್ಲಿ ಆ ಒಂದು ಪದ ಇರಲಿಲ್ಲ. ಪುರೋಹಿತನ ಪಾತ್ರಧಾರಿ ಕೇಳಿದರು: ಒಪ್ಪಿಗೆಯೇ ಗಜಾಧರ?

ದ್ವಾರಕಾ ಪ್ರಸಾದರು ಹಾಳೆ ನೋಡಲಿಲ್ಲ. ಕುಸುಮ್ ಅವರನ್ನೂ ನೋಡಲಿಲ್ಲ. ಅವರ ಕತ್ತು ನಿಧಾನವಾಗಿ ಪಕ್ಕಕ್ಕೆ ವಾಲಿ, ಕುಸುಮ್ ಅವರ ಭುಜದಾಚೆ ಏನನ್ನೋ ಹುಡುಕಿತು. ಕುಸುಮ್ ಅದನ್ನು ಕಂಡರು. ಟೇಪು ಓಡುತ್ತಿತ್ತು. ಅವರು ಸದ್ದಾಗದಂತೆ ಅರ್ಧ ಹೆಜ್ಜೆ ಬದಿಗೆ ಸರಿದು ನಿಂತರು. ದ್ವಾರಕಾ ಪ್ರಸಾದರು ತಮ್ಮ ಹೆಂಡತಿಯನ್ನು ನೋಡಿ “ಅಚ್ಛಾ” ಎಂದರು.

ದೇಶವೆಲ್ಲ ಕೇಳಿದ್ದು ಗಜಾಧರನ ಒಪ್ಪಿಗೆಯನ್ನು. ಆ ಗುರುವಾರ ರಕಿರಾಕಿಯಲ್ಲಿ ಪಾಯಸ ಹಂಚಿದರೆಂದೂ, ಲೌಟೋಕಾದ ಬಸ್ ನಿಲ್ದಾಣದಲ್ಲಿ ಚಾಲಕರೆಲ್ಲ ಒಟ್ಟಿಗೆ ಹಾರ್ನ್ ಬಾರಿಸಿದರೆಂದೂ ಸುದ್ದಿ ಬಂತು. ಮುದ್ರಣದ ದಿನ ಸ್ಟುಡಿಯೋದಲ್ಲಿ ಮಾತ್ರ ಅಪೇನಿಸಾ ಟೇಪು ನಿಲ್ಲಿಸಲು ಮರೆತಿದ್ದರು. ಕೊನೆಗೆ ರಾಮಪ್ಯಾರಿಯವರೇ ಎದ್ದು, ಗಂಡನ ಅಂಗಿಯ ಕಾಲರು ಸರಿಪಡಿಸುತ್ತ, ಯಾರಿಗೆಂದಿಲ್ಲದೆ ಹೇಳಿದರು: “ನಮ್ಮ ಮದುವೇಲಿ ಇವರು ಏನೂ ಅಂದಿರ್ಲಿಲ್ಲ. ಎಲ್ಲಾ ಪಂಡಿತ್‌ಜೀನೇ ಹೇಳಿದ್ರು.”

ಮದುವೆಯಾದ ಮೇಲೆ ಹಾಸ್ಯ ಸಾಯುತ್ತದೆಂದು ದೀದಿ ವರ್ಷಗಟ್ಟಲೆ ಅಂಜಿದ್ದರು. ಆ ಅಂಜಿಕೆಯನ್ನು ಬಿಡಿಸಿದವರು ರಾಮಪ್ಯಾರಿ. ಅಂದಿನಿಂದ ಅವರು ಪ್ರತಿ ವಾರವೂ ಆ ಸ್ಟೂಲಿನ ಮೇಲೆ ಇರುತ್ತಿದ್ದರು. ಮೊದಮೊದಲು ಸುಮ್ಮನೆ. ಆಮೇಲೆ, “ಇಲ್ಲಿ ಅವನು ಅಚ್ಛಾ ಅನ್ನಲ್ಲ. ಹೆಂಡ್ತಿ ಅಷ್ಟು ಮಾತಾಡಿದ್ರೆ ಕಣ್ಮುಚ್ಚಿ ನಿದ್ದೆ ಬಂದವರ ಹಾಗೆ ಮಾಡ್ತಾನೆ” ಎಂದು ತಿದ್ದುವರು. ದೀದಿ ತಿದ್ದಿಕೊಳ್ಳುವರು. ಕುಸುಮ್ ಬಿಸ್ಮತಿಯ ಚುಚ್ಚುವ ದನಿಯಲ್ಲಿ ಒಂದು ಮಂದವಾದ ಸಲಿಗೆಯನ್ನು ತಂದುಕೊಂಡರು. ಅದನ್ನು ಎಲ್ಲಿಂದ ತಂದರೆಂದು ಆ ಕೋಣೆಯಲ್ಲಿದ್ದವರಿಗೆಲ್ಲ ಗೊತ್ತಿತ್ತು. ಒಬ್ಬರು ಮಾತ್ರ ಮಾತಾಡುವ, ಇನ್ನೊಬ್ಬರು ಒಂದೇ ಪದ ಆಡುವ ಆ ಸಂಸಾರದ ಆರು ವರ್ಷಗಳೇ ‘ಸಾಢೇ ಪಾಂಚ್ ಕೀ ಬಸ್’ನ ಅತ್ಯುತ್ತಮ ಕಾಲವೆಂದು ನಾವು ನಿಸ್ಸಂಶಯವಾಗಿ ಹೇಳಬಲ್ಲೆವು.

ತೊಂಬತ್ತೊಂಬತ್ತರಲ್ಲಿ ದ್ವಾರಕಾ ಪ್ರಸಾದರು ತೀರಿಕೊಂಡರು. ಅವರ ಮರಣವಾರ್ತೆಯನ್ನು, ಬೇರೆ ಯಾರಿಗೂ ಬಿಡದೆ, ದೀದಿಯೇ ಓದಿದರು. ಬದುಕಿರುವ ಬಂಧುಗಳ ಪಟ್ಟಿಯಲ್ಲಿ ಮೊದಲು ರಾಮಪ್ಯಾರಿಯವರ ಹೆಸರು ಓದಿ, ಮುಂದಿನ ಹೆಸರಿಗೆ ಹೋಗುವ ಮುಂಚೆ ಅವರು ನಿಂತಷ್ಟು ಹೊತ್ತು ಬಾನುಲಿಯಲ್ಲಿ ಯಾರೂ ನಿಂತದ್ದಿಲ್ಲ. ಗಜಾಧರನನ್ನು ಮಾತ್ರ ಅವರು ಸಾಯಿಸಲಿಲ್ಲ. ಮೊದಲೇ ಮುದ್ರಿಸಿಟ್ಟಿದ್ದ ಒಂದು ಸಾಧಾರಣ ಕಂತನ್ನು, ಬಿಸ್ಮತಿ ಮಾವಿನ ಉಪ್ಪಿನಕಾಯಿ ಹಾಕುತ್ತ ಗಂಡನಿಗೆ ಉಪ್ಪು ಸಾಲದೇ ಎಂದು ಕೇಳುವ ಕಂತನ್ನು, ಪ್ರಸಾರ ಮಾಡಿ, ಬಸ್ಸು ಇನ್ನು ಹೊರಡುವುದಿಲ್ಲವೆಂದು ಎರಡು ವಾಕ್ಯಗಳಲ್ಲಿ ತಿಳಿಸಿದರು.

ಅಲ್ಲಿಂದೀಚೆಗೆ ನಮ್ಮಂಥವರಿಗೆ ಬರವಣಿಗೆ ಕಲಿಸುವುದರಲ್ಲಿ ಅವರು ತಮ್ಮ ಸೇವೆಯ ಉಳಿದ ವರ್ಷಗಳನ್ನು ಕಳೆದರು. ನಮ್ಮಲ್ಲೊಬ್ಬಳ ತಾಯಿ ಆಸ್ಪತ್ರೆಯಲ್ಲಿದ್ದಾಗ ಅವಳ ಕಂತುಗಳನ್ನೆಲ್ಲ ತಾವೇ ಬರೆದು ಅವಳ ಹೆಸರಿನಲ್ಲೇ ಪ್ರಸಾರ ಮಾಡಿಸಿದ್ದು, ಯಾರ ಹಾಳೆಯನ್ನೂ ಕೆಂಪು ಶಾಯಿಯಲ್ಲಿ ತಿದ್ದದೆ, ಪಕ್ಕದಲ್ಲಿ ಕೂರಿಸಿಕೊಂಡು ಗಟ್ಟಿಯಾಗಿ ಓದಿಸಿಯೇ ನಮ್ಮ ತಪ್ಪು ನಮಗೆ ಕೇಳಿಸುವಂತೆ ಮಾಡಿದ್ದು, ಇಂಥವನ್ನು ಹೇಳುತ್ತ ಹೋದರೆ ಈ ಸಂಪುಟ ಸಾಲದು. ಪ್ರೇಮದ ದೃಶ್ಯವೊಂದನ್ನು ಬರೆದು ತೋರಿಸಿದಾಗ ಅವರು ತಪ್ಪದೆ ಕೇಳುವ ಪ್ರಶ್ನೆ ಒಂದಿತ್ತು: “ಇದನ್ನ ಇವರ ಮನೆಯವರು ಯಾರ್ಯಾರು ಕೇಳ್ತಿದಾರೆ?”

ಕಳೆದ ತಿಂಗಳು ಈ ಲೇಖನದ ಸಲುವಾಗಿ ನಾವು ಸಮಾಬುಲಾದ ದೀದಿಯ ಮನೆಗೆ ಹೋದಾಗ ರಾಮಪ್ಯಾರಿಯವರು ಜಗುಲಿಯಲ್ಲಿ ಕಾಲು ನೀಡಿ ಕೂತಿದ್ದರು. ದೀದಿಯ ತೊಡೆಯ ಮೇಲೆ ಹಾಳೆಗಳಿದ್ದವು. ಏನು ಬರೆಯುತ್ತಿದ್ದೀರೆಂದು ಕೇಳಿದ್ದಕ್ಕೆ ಉತ್ತರ ಬಂದದ್ದು ರಾಮಪ್ಯಾರಿಯವರಿಂದ. “ಇಷ್ಟು ವರ್ಷ ಇವಳು ಬರೆದ್ಲು, ಅವರು ಆಡಿದ್ರು, ನಾನು ಸ್ಟೂಲ್ ಮೇಲೆ ಕೂತಿದ್ದೆ. ಈಗ ನಾನು ನನ್ನ ಕಥೆ ಹೇಳ್ತೀನಿ, ಇವಳು ಬರ್ಕೋತಾಳೆ.”

“ಎಲ್ಲಿಗೆ ಬಂತು ಭಾಭಿ?”

“ರಕಿರಾಕಿಲಿದೀವಿ ಇನ್ನೂ. ನಂಗೆ ಏಳು ವರ್ಷ. ಮೇಕೆ ಕಳೆದುಹೋಗಿದೆ.”

ಎರಡು ವಾರದಿಂದ ಅವರು ಆ ಮೇಕೆಯನ್ನು ಹುಡುಕುತ್ತಿದ್ದಾರೆಂದು ದೀದಿ ನಗದೆ ತಿಳಿಸಿದರು. ದ್ವಾರಕಾ ಪ್ರಸಾದರು ಇನ್ನೂ ಕಥೆಯೊಳಗೆ ಬಂದಿಲ್ಲ. ಅವರು ಬರಬೇಕು, ಬಂದು, ಮಾತಿಲ್ಲದ ಆ ಮದುವೆ ನಡೆಯಬೇಕು, ಗುಂಡಿ, ದಾರ, ಅಳತೆಗಳ ಅಷ್ಟು ವರ್ಷಗಳು ಒಂದೊಂದಾಗಿ ಸಾಗಬೇಕು. ಹೇಳುವವರು ನಿಧಾನಸ್ಥರು, ಬರೆದುಕೊಳ್ಳುವವರಿಗೂ ಅವಸರವೆಂಬುದು ಗೊತ್ತಿಲ್ಲ. ಆ ಕಥೆ ತನ್ನ ನಡಿಗೆಯಲ್ಲೇ ನಡೆದು ಮುಗಿಯಲು ಎಷ್ಟು ಕಾಲ ಬೇಕೋ ಅಷ್ಟು ಆಯುಸ್ಸನ್ನೂ ಆರೋಗ್ಯವನ್ನೂ ಭಗವಂತನು ನಮ್ಮ ಸುಮಿಂತ್ರಾ ದೀದಿಗೂ, ಅವರ ಜಗುಲಿಯ ಮೇಲೆ ಕೂತ ಆ ಹಿರಿಯರಿಗೂ ಧಾರಾಳವಾಗಿ ದಯಪಾಲಿಸಲಿ.